ಬೂದಿ ಎಳೆಯುವ ಕಲ್ಲಿನ ಮೇಷ್ಟ್ರು

ಅವರು ತೀರಿಕೊಂಡ ಸುದ್ದಿ ನನಗೆ ಸಿಕ್ಕಿದ್ದು ಕಾಲೇಜಿನ ವಾಟ್ಸಾಪ್ ಗುಂಪಿನಲ್ಲಿ, ಎರಡು ಜಾಹೀರಾತುಗಳ ನಡುವೆ. ಮೇಲೆ ಯಾರೋ ಹಳೇ ಸ್ಕೂಟರ್ ಮಾರಾಟಕ್ಕಿದೆ ಎಂದು ಹಾಕಿದ್ದರು. ಕೆಳಗೆ ಇನ್ಯಾರೋ ಜಾತಕಕ್ಕೆ ತಕ್ಕ ಹರಳಿನ ಉಂಗುರ ಮಾಡಿಕೊಡಲಾಗುವುದು ಎಂದು. ನಡುವೆ ನಮ್ಮ ಭೂವಿಜ್ಞಾನದ ಮೇಷ್ಟ್ರು, ತೀರಿಕೊಂಡ ಮೇಲೆ ಮನೆಯವರು ಕುರ್ಚಿಯಲ್ಲಿ ಕೂರಿಸಿ ತೆಗೆದ ಫೋಟೋ, ಕೊರಳಲ್ಲಿ ಹಾರ, ಹಣೆಯ ಉದ್ದಕ್ಕೂ ಮೂರು ಬೆರಳಿನ ವಿಭೂತಿ. ಅದರ ಕೆಳಗೆ ಕೈಮುಗಿದ ಚಿತ್ರಗಳ ಸಾಲು. ನಾನೂ ಒಂದು ಹಾಕಿದೆ. ಹಾಕಿದ ಮೇಲೆ, ಅದು ಉಂಗುರದವನಿಗೆ ಹೋಗಿಬಿಟ್ಟಿದೆಯೋ ಏನೋ ಎಂದು ಗಾಬರಿಯಾಗಿ ಮತ್ತೆ ಫೋನ್ ತೆಗೆದು ನೋಡಿದೆ. ನನ್ನ ಹಣೆಬರಹವೇ ಹೀಗೆ. ಸಾವಿನ ಮನೆಯಲ್ಲೂ ಚಪ್ಪಲಿ ಎಲ್ಲಿ ಬಿಟ್ಟೆ ಅನ್ನುವುದೇ ನನ್ನ ಚಿಂತೆ.

ಆದರೆ ಆ ಫೋಟೋದಲ್ಲಿ ನನ್ನನ್ನು ಚುಚ್ಚಿದ್ದು ವಿಭೂತಿ. ಕೊನೆಯ ಕೆಲವು ವರ್ಷ ಅವರು ಹಣೆಗೆ ಏನನ್ನೂ ಇಟ್ಟುಕೊಳ್ಳುತ್ತಿರಲಿಲ್ಲ. ಅದಕ್ಕೆ ಮುಂಚೆ ಇಟ್ಟುಕೊಳ್ಳದ ದಿನವೇ ಇರಲಿಲ್ಲ. ಹೊನ್ನೂರಿನ ಶಿವಭಕ್ತರ ಮನೆಯವರು; ಗದ್ದೆ, ತೆಂಗಿನ ತೋಟ, ಬೆಳಗಿನ ಸ್ನಾನ, ಪೂಜೆ, ಆಮೇಲೆ ಕೊಳ್ಳೇಗಾಲದ ಬಸ್ಸು. ಅವರ ವಿಜ್ಞಾನಕ್ಕೂ ವಿಭೂತಿಗೂ ಜಗಳವೇ ಇರಲಿಲ್ಲ. ಜಗಳ ಹೇಗೆ ಹುಟ್ಟಿತು ಅನ್ನುವುದನ್ನು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಕಾಲೇಜಿನಲ್ಲಿ ಭೂವಿಜ್ಞಾನ ವಿಭಾಗ ಅಂದರೆ ಒಂದು ಕೋಣೆ, ಒಂದು ಗಾಜಿನ ಬೀರು, ಒಬ್ಬ ಮೇಷ್ಟ್ರು. ನಾನು ವಾಣಿಜ್ಯದವನು. ಅವರ ಕೋಣೆಯ ಸೂರು ಸೋರುತ್ತದೆಂದು ಅವರಿಗೆ ಸ್ಟಾಫ್ ರೂಮಿನಲ್ಲಿ ನನ್ನ ಮೇಜಿನ ಅರ್ಧ ಕೊಟ್ಟಿದ್ದರು. ಆ ಅರ್ಧದಿಂದ ಅವರ ಕಲ್ಲುಗಳು ದಿನದಿನಕ್ಕೂ ನನ್ನ ಅರ್ಧಕ್ಕೆ ನಡೆದುಬರುತ್ತಿದ್ದವು. ನನ್ನ ಹೆಸರನ್ನು ಅವರು ಒಂದು ಸಲವೂ ಹಿಡಿದು ಕರೆಯಲಿಲ್ಲ. "ಏನಯ್ಯಾ ಕಾಮರ್ಸು, ಮುಖ ಯಾಕೆ ಇಂಗ್ ಮಾಡ್ಕಂಡಿದ್ದೀಯಾ? ಪ್ರಪಂಚ ಮುಳುಗೋಯ್ತದಾ?" ಅನ್ನುವುದು ಅವರ ಬೆಳಗಿನ ನಮಸ್ಕಾರ. ಮುಳುಗುತ್ತದೆ ಎಂದೇ ನನ್ನ ನಂಬಿಕೆಯಾಗಿದ್ದರಿಂದ ನಾನು ಉತ್ತರ ಕೊಡುತ್ತಿರಲಿಲ್ಲ.

ಅವರಿಗೊಂದು ಚಾಳಿ. ಕೈಗೆ ಏನು ಬಂದರೂ ಕಿಟಕಿಯ ಬೆಳಕಿಗೆ ಹಿಡಿದು ಒಂದು ಸಲ ಉದ್ದಕ್ಕೆ, ಒಂದು ಸಲ ಅಡ್ಡಕ್ಕೆ ತಿರುಗಿಸಿ ನೋಡುವುದು. ಚಾಕ್‌ಪೀಸು, ಬಿಸ್ಕತ್ತು, ಮಾವಿನ ಹೋಳು, ಹೊಸದಾಗಿ ಬಂದ ಪ್ರಿನ್ಸಿಪಾಲರ ವಿಸಿಟಿಂಗ್ ಕಾರ್ಡು, ಎಲ್ಲವನ್ನೂ. ಇದು ಹತ್ತಿದ್ದು ಟೂರ್ಮಲಿನ್‌ನಿಂದ. ಆ ಹರಳಿನ ಗುಣವೇ ಹಾಗಂತೆ: ತುದಿಯಿಂದ ಉದ್ದಕ್ಕೆ ನೋಡಿದರೆ ಕತ್ತಲೆ, ಅಡ್ಡಕ್ಕೆ ಬೆಳಕಿಗೆ ಹಿಡಿದರೆ ಬೇರೆಯೇ ಬಣ್ಣ. ಅವರ ಬೀರುವಿನಲ್ಲಿದ್ದ ಟೂರ್ಮಲಿನ್‌ಗಳೆಲ್ಲ ಹನೂರು ಕಡೆಯ ಬಂಡೆಗಳಲ್ಲಿ ಬಿಳಿ ಪಟ್ಟೆ ಹೋಗಿರುವಲ್ಲಿ ಅವರೇ ಅಗೆದು ತಂದವು. ಹೆಚ್ಚಿನವು ಇದ್ದಿಲಿನಂತೆ ಕಪ್ಪು. ಒಂದೇ ಒಂದು ಮಾತ್ರ, ಹೆಬ್ಬೆರಳಿನ ಗಾತ್ರದ್ದು, ಮೈಮೇಲೆ ಉದ್ದುದ್ದ ಗೀರು, ಮೂರು ಮೂಲೆ ಉರುಟಾದದ್ದು, ಮೇಜಿನ ಮೇಲಿಟ್ಟರೆ ಕಪ್ಪು, ಬೆಳಕಿಗೆ ಅಡ್ಡ ಹಿಡಿದರೆ ಎಳೇ ಬಾಳೆಲೆಯ ಹಸಿರು. ಅದನ್ನು ಅವರು ಕರ್ಚೀಫಿನಲ್ಲಿ ಸುತ್ತಿ ಜೇಬಿನಲ್ಲಿಟ್ಟುಕೊಂಡೇ ತಿರುಗುತ್ತಿದ್ದರು. ಬೀರುವಿಗೆ ಬೀಗ ಇರಲಿಲ್ಲ ಅನ್ನುವುದು ನೆಪ.

ಬಾಯಿ ಮಾತ್ರ ಬಹಳ ಕೆಟ್ಟದ್ದು. ಅದನ್ನು ಮುಚ್ಚಿಟ್ಟರೆ ಈ ಚಿತ್ರ ಸುಳ್ಳಾಗುತ್ತದೆ. ಒಂದು ವರ್ಷ ಒಬ್ಬ ಹುಡುಗ ಕಿರುಬೆರಳಿಗೆ ಹಸಿರು ಹರಳಿನ ಉಂಗುರ ಹಾಕಿಕೊಂಡು ತರಗತಿಗೆ ಬಂದ. ಬುಧಗ್ರಹಕ್ಕೆ ಪಚ್ಚೆ, ವಿದ್ಯೆಗೆ ಒಳ್ಳೆಯದು ಎಂದು ಅವರಪ್ಪ ಮಾಡಿಸಿಕೊಟ್ಟಿದ್ದ. ಇವರು ಅವನ ಕೈ ಹಿಡಿದು ಕಿಟಕಿಗೆ ಎಳೆದುಕೊಂಡು ಹೋಗಿ ಉಂಗುರ ತಿರುಗಿಸಿ ನೋಡಿದರು.

"ಲೇ, ಇದು ಪಚ್ಚೆ ಅಲ್ಲ ಕಣ್ಲಾ, ಟೂರ್ಮಲಿನ್. ಪಚ್ಚೆ ಅಂತ ಮಾರವ್ನೆ."

"ಅಂಗಾರೆ ಕೆಲ್ಸ ಮಾಡಾಕಿಲ್ವಾ ಸಾ?"

"ಅದ್ಯಾಕ್ ಮಾಡಾಕಿಲ್ಲ? ನಿಮ್ಮಪ್ಪಂಗೆ ಗೊತ್ತಾಗ್ನಿಲ್ಲ, ಅಷ್ಟು ದೂರ್ದಲ್ಲಿರೋ ಬುಧಂಗೆ ಗೊತ್ತಾದದಾ?"

ತರಗತಿ ನಕ್ಕಿತು. ಹುಡುಗ ಮಾರನೇ ದಿನವೇ ವಿಷಯ ಬದಲಾಯಿಸಿಕೊಂಡ. ಇದ್ದದ್ದೇ ಬೆರಳೆಣಿಕೆ ವಿದ್ಯಾರ್ಥಿಗಳು. ಅದರಲ್ಲೊಬ್ಬನನ್ನು ಒಂದು ತಮಾಷೆಗೆ ಕಳೆದುಕೊಂಡರು. "ಓಗ್ಲಿ ಬುಡು" ಅಂದರು. ಆದರೆ ಆ ದಿನ ಟೀ ಕುಡಿಯಲಿಲ್ಲ.

ಆ ಬಾಯಿಯ ಪೆಟ್ಟು ನನಗೂ ಬಿದ್ದಿದೆ. ರಕ್ತದೊತ್ತಡದ ಭಯಕ್ಕೆ ನಾನು ಆನ್‌ಲೈನ್‌ನಲ್ಲಿ ಕರೀ ಟೂರ್ಮಲಿನ್ ಮಣಿಗಳ ಕೈಪಟ್ಟಿ ತರಿಸಿ, ಅಂಗಿಯ ತೋಳಿನೊಳಗೆ ಮರೆಮಾಡಿ ಹಾಕಿಕೊಂಡಿದ್ದೆ. ಕೆಟ್ಟ ದೃಷ್ಟಿ, ಕೆಟ್ಟ ಕಿರಣ, ಕೆಟ್ಟ ಯೋಚನೆ ಎಲ್ಲವನ್ನೂ ಎಳೆದುಕೊಳ್ಳುತ್ತದೆ ಎಂದು ಬರೆದಿತ್ತು. ಒಂದು ವಾರದಲ್ಲಿ ಅವರ ಕಣ್ಣಿಗೆ ಬಿತ್ತು. ಬಿಚ್ಚಿಸಿಕೊಂಡು, ಒಂದು ಮಣಿಯಿಂದ ಕಿಟಕಿಯ ಗಾಜಿನ ಮೇಲೆ ಗೀಚಿದರು. ಗೆರೆ ಬೀಳಲಿಲ್ಲ. ತಮ್ಮ ಜೇಬಿನ ಕಲ್ಲಿನ ತುದಿಯಿಂದ ಗೀಚಿದರು. ಕಿರ್ ಎಂದು ಬಿಳೀ ಗೆರೆ ಬಿತ್ತು.

"ನಿಂದು ಗಾಜು ಕಣಯ್ಯಾ ಕಾಮರ್ಸು. ಗಾಜಿನ ಮಣಿಗೆ ವಾಸಿ ಆಯ್ತಾ ಇದ್ರೆ, ನಿನ್ ಕಾಯ್ಲೆನೂ ಗಾಜಿಂದೇ ಇರ್ಬೇಕು."

ಕಿಟಕಿಯ ಆ ಗೀರು ಇನ್ನೂ ಇದೆ. ಕೈಪಟ್ಟಿಯೂ ಇದೆ. ಯಾಕೆ ಎಸೆದಿಲ್ಲ ಎಂದು ಕೇಳಬೇಡಿ.

ಅವರು ಮೆತ್ತಗಾಗುತ್ತಿದ್ದುದು ಒಂದೇ ಕೆಲಸದಲ್ಲಿ, ಬೂದಿಯ ಆಟದಲ್ಲಿ. ಹಸಿರು ಕಲ್ಲನ್ನು ಹದವಾಗಿ ಬಿಸಿಮಾಡಿ, ಊದುಬತ್ತಿಯ ಬೂದಿಯ ಹತ್ತಿರ ಹಿಡಿಯುವರು. ಬೂದಿ ಸಣ್ಣಗೆ ನಡುಗಿ, ಎದ್ದು, ಹಾರಿ ಬಂದು ಕಲ್ಲಿನ ತುದಿಗೆ ಕೂದಲಿನಂತೆ ನಿಲ್ಲುತ್ತಿತ್ತು. ನಡುವಿನ ಮೈ ಮಾತ್ರ ಬೋಳು. "ಬಿಸಿ ಬದಲಾಗುವಾಗ ಇದರ ಎರಡು ತುದೀಲಿ ವಿದ್ಯುತ್ತು ಹುಟ್ಟುತ್ತೆ. ಒಂದೇ ಹದಕ್ಕೆ ನಿಂತ್ರೆ ಸುಮ್ಮನಾಗುತ್ತೆ. ಒತ್ತಿದರೂ ಅಷ್ಟೆ, ಅದಕ್ಕೇ ಸ್ಫೋಟದ ಒತ್ತಡ ಅಳೆಯೋ ಯಂತ್ರದೊಳಗೂ ಇದನ್ನ ಇಡ್ತಾರೆ. ಹಿಂದೆ ಹಡಗಿನ ವ್ಯಾಪಾರಿಗಳು ಇದರಿಂದ ತಂಬಾಕಿನ ಪೈಪಿನ ಬೂದಿ ತೆಗೀತಿದ್ರಂತೆ" ಎಂದು ಹೇಳುವಾಗ ಆ ಕೆಟ್ಟ ಬಾಯಿಂದ ಪುಸ್ತಕದ ಕನ್ನಡ ತಾನಾಗಿ ಬರುತ್ತಿತ್ತು. ನನ್ನೆದುರು ಎಷ್ಟು ಸಲ ಹೇಳಿದ್ದಾರೋ. ನಾನು ಅರ್ಧ ಕಿವಿಯಲ್ಲಿ ಕೇಳುತ್ತಾ ಆದಾಯ ತೆರಿಗೆಯ ಲೆಕ್ಕ ಹಾಕುತ್ತಿದ್ದೆ.

ಈಗಿನ ಕಾಲೇಜು ಮೇಷ್ಟ್ರುಗಳ ಒಂದು ಕೆಲಸ ಹೊರಗಿನವರಿಗೆ ಗೊತ್ತಿರಲಿಕ್ಕಿಲ್ಲ. ಪಿಯುಸಿ ಫಲಿತಾಂಶ ಬಂದ ಕೂಡಲೇ ನಾವು ಕರಪತ್ರ ಹಿಡಿದು ಊರೂರಿಗೆ ಹೊರಡುತ್ತೇವೆ. ಹಾಲಿನ ಡೈರಿಯ ಮುಂದೆ, ಮನೆಯ ಜಗಲಿಯ ಮೇಲೆ ಕೂತು, ನಿಮ್ಮ ಮಕ್ಕಳನ್ನು ನಮ್ಮ ಕಾಲೇಜಿಗೇ ಸೇರಿಸಿ ಎಂದು ಬೇಡುತ್ತೇವೆ. ಆ ವರ್ಷ ಪ್ರಿನ್ಸಿಪಾಲರು ಮೇಷ್ಟ್ರಿಗೆ ಎಲ್ಲರ ಎದುರಿಗೇ ಹೇಳಿದ್ದರು: ಹೊಸದಾಗಿ ಒಬ್ಬರೂ ಸೇರದಿದ್ದರೆ ಭೂವಿಜ್ಞಾನ ಮುಚ್ಚಿತು. ಇವರು ಜೇಬು ಮುಟ್ಟಿ ನೋಡಿಕೊಂಡರು. ಜೋಡಿಗೆ ನನ್ನನ್ನು ಹಾಕಿದ್ದರು. ರಾಮಾಪುರದಾಚೆ ಕಾಡಂಚಿನ ಒಂದು ಊರಿಗೆ ಹೋದೆವು. ವಾಪಸು ಬಸ್ಸು ಸಿಗುತ್ತದೋ ಇಲ್ಲವೋ ಅನ್ನುವ ಚಿಂತೆಯೇ ಆ ದಿನದ ನನ್ನ ಪಾಲಿನ ಕೊಡುಗೆ.

ಆ ಊರಿನ ಯಜಮಾನರು ಗುರುಮಲ್ಲಪ್ಪ. ಅವರ ಕೊನೆಯ ಮಗಳು ಸೌಮ್ಯ ಆ ಸಲ ವಿಜ್ಞಾನದಲ್ಲಿ ಪಿಯುಸಿ ಮುಗಿಸಿದ್ದಳು. ಜಗಲಿಯಲ್ಲಿ ಅಕ್ಕಪಕ್ಕದವರೂ ಸೇರಿದರು. ಮೇಷ್ಟ್ರು ಕರ್ಚೀಫು ಬಿಚ್ಚಿ, ಕಲ್ಲನ್ನು ಒಳಗೆ ಕೊಟ್ಟು ರೊಟ್ಟಿ ತವದ ಮೇಲೆ ಬಿಸಿಗಿಡಲು ಹೇಳಿದರು. "ಒಂಚೂರು ಬೂದಿ ಕೊಡಿ ತಾಯಿ. ಊದುಬತ್ತೀದಾದ್ರೂ ಸರಿ, ಒಲೇದಾದ್ರೂ ಸರಿ."

ಗುರುಮಲ್ಲಪ್ಪನ ಹೆಂಡತಿ ನಕ್ಕರು. "ಗ್ಯಾಸ್ ಒಲೇಲಿ ಬೂದಿ ಎಲ್ಲಿ ಬತ್ತದೆ ಸಾ? ಕಡ್ಡಿ ಬೂದಿನ ಬೆಳಗ್ಗೆನೇ ಒರ್ಸಾಕ್ಬುಟ್ಟೆ." ಒಂದು ಗಳಿಗೆ ಯೋಚಿಸಿ ದೇವರ ಮೂಲೆಗೆ ಹೋಗಿ, ಹಿತ್ತಾಳೆ ತಟ್ಟೆಯಲ್ಲಿ ವಿಭೂತಿ ಪುಡಿ ತಂದಿಟ್ಟರು. "ಇದೂ ಬೂದಿನೇ ಅಲ್ವಾ?"

ಬೂದಿಯೇ. ಮೇಷ್ಟ್ರು ಒಂದು ಕ್ಷಣ ತಡೆದರು, ನಾನು ನೋಡಿದೆ. ಆಮೇಲೆ ಬಿಸಿಯಾಗಿ ಬಂದ ಕಲ್ಲನ್ನು ತಟ್ಟೆಯ ನಡುವೆ ಬುಡ ಕೆಳಗಾಗಿ ನಿಲ್ಲಿಸಿದರು. ವಿಭೂತಿ ನಡುಗಿತು. ಎದ್ದಿತು. ಹಾರಿ ಹೋಗಿ ಕಲ್ಲಿನ ನೆತ್ತಿಗೆ ಹತ್ತಿಕೊಂಡಿತು. ಹೆಬ್ಬೆರಳ ಗಾತ್ರದ ಕರೀ ಕಲ್ಲು, ತಲೆಯ ಮೇಲೆ ವಿಭೂತಿ. ಹಿಂದೆ ನಿಂತಿದ್ದ ಮುದುಕಿಯೊಬ್ಬಳು "ನಮ್ಮಪ್ಪಾ, ಮಾದೇವಾ" ಎಂದು ಕೆನ್ನೆ ಕೆನ್ನೆ ಬಡಿದುಕೊಂಡಳು.

ಮೇಷ್ಟ್ರು ವಿವರಿಸಿದರು. ವಿದ್ಯುತ್ತು, ಬಿಸಿ, ತುದಿ. ಅದನ್ನು ಕೇಳಿದ್ದು ಒಬ್ಬಳೇ. ಬಾಗಿಲ ಚೌಕಟ್ಟಿಗೆ ಒರಗಿದ್ದ ಸೌಮ್ಯ ಕೇಳಿದಳು: "ಸಾ, ತಣ್ಣಗಾಗುವಾಗ ಏನಾಯ್ತದೆ?"

ಅವರ ಮುಖ ಅಷ್ಟು ಅರಳಿದ್ದನ್ನು ನಾನು ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. "ನೋಡ್ದಾ ಕಾಮರ್ಸು! ಇದು ಪ್ರಶ್ನೆ! ಇದನ್ನ ಯಾವನೂ ಕೇಳಿರ್ನಿಲ್ಲ!" ಆದರೆ ಉತ್ತರ ಹೇಳಲಿಲ್ಲ. ವ್ಯಾಪಾರ ಗೊತ್ತಿಲ್ಲದ ಮನುಷ್ಯ ಆ ದಿನ ಒಂದು ವ್ಯಾಪಾರ ಮಾಡಿದರು. "ಯೋಳಾಕಿಲ್ಲ ಕಣವ್ವ. ಕಾಲೇಜಿಗೆ ಸೇರ್ಕೊ, ಮೊದಲ್ನೇ ಪಾಠದಲ್ಲೇ ತೋರಿಸ್ತೀನಿ."

ಹೊರಡುವಾಗ ಗುರುಮಲ್ಲಪ್ಪ ತಟ್ಟೆಗೆ ಕೈ ಅಡ್ಡ ಇಟ್ಟರು. "ಸಾ, ಇದ ಇಲ್ಲೇ ಬುಟ್ಟೋಗಿ."

"ಅದು ಪಾಠ ಮಾಡೋ ಕಲ್ಲು ಗುರುಮಲ್ಲಪ್ಪನೋರೆ."

"ಪಾಠ ಮಾಡಾಕೆ ನಿಮ್ತಾವ ಬೀರು ತುಂಬ ಕಲ್ಲವಲ್ಲ, ನೀವೇ ಅಂದ್ರಿ. ನಮ್ಮನೇಗೆ ಬಂದು ವಿಭೂತಿ ಕೇಳಿದ್ದು ಇದೊಂದೇ."

"ಅದೆಲ್ರೀ ಕೇಳ್ತು? ಕೇಳಿದ್ದು ನಾನು. ಕೇಳಿದ್ದೂ ಬೂದಿನ. ನೀವು ರಾಗಿ ಹಿಟ್ಟು ಕೊಟ್ಟಿದ್ರೆ ಹಿಟ್ಟೂ ಎಳ್ಕತಿತ್ತು!"

"ಹಿಟ್ಟು ಕೊಡ್ನಿಲ್ಲವಲ್ಲ ಸಾ" ಅಂದರು ಗುರುಮಲ್ಲಪ್ಪ, ಬಹಳ ಸಮಾಧಾನವಾಗಿ. "ವಿಭೂತಿನೇ ಯಾಕ್ ಕೊಟ್ಟೋ?"

ಇದಕ್ಕೆ ಭೂವಿಜ್ಞಾನದಲ್ಲಿ ಉತ್ತರವಿಲ್ಲ.

"ನಿಮ್ಗೆ ಮಕ್ಕ ಬೇಕು ತಾನೆ? ಸೌಮ್ಯನ್ನೂ ಕಳುಸ್ತೀನಿ, ಊರಿನ್ ಮಕ್ಕಳನ್ನೂ ಕಳುಸ್ತೀನಿ. ಇದ ಬುಟ್ಟೋಗಿ."

ಮೇಷ್ಟ್ರು ಹುಡುಗಿಯ ಕಡೆ ನೋಡಿದರು. ತಟ್ಟೆಯ ಕಡೆ ನೋಡಿದರು. ಉಂಗುರದ ಹುಡುಗನನ್ನು ಬಿಡದಿದ್ದ ನಾಲಿಗೆ ಅದು, ನಾನು ಕಾದೆ. ಬೈಯಲಿಲ್ಲ. ದೇವರಲ್ಲ ಎಂದು ಮತ್ತೊಂದು ಸಲ ಹೇಳಲೂ ಇಲ್ಲ. ಬರೀ ಕರ್ಚೀಫನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡು, "ಅಡ್ಮಿಷನ್ನು ಶುರುವಾದ ದಿನವೇ ಕಳಿಸಿ" ಅಂದರು. ಬಸ್ಸು ಸಿಕ್ಕಿತು. ಕೊಳ್ಳೇಗಾಲದಲ್ಲಿ ಇಳಿಯುವಾಗ, ನನಗಲ್ಲ, ಯಾರಿಗೋ ಅನ್ನುವಂತೆ, "ಒಬ್ಬಳು ಬಂದ್ರೆ ಸಾಕು" ಅಂದರು.

ಗುರುಮಲ್ಲಪ್ಪ ಮಾತಿಗೆ ತಪ್ಪುವವರಲ್ಲ. ಊರಿನ ಮಕ್ಕಳು ಬಂದರು. ಎಲ್ಲರೂ ಪಿಯುಸಿಯಲ್ಲಿ ಕಲೆ, ವಾಣಿಜ್ಯ ಓದಿದವರು. ಭೂವಿಜ್ಞಾನಕ್ಕೆ ಸೇರುವ ಹಾಗೇ ಇರಲಿಲ್ಲ. ಅರ್ಧಕ್ಕರ್ಧ ನನ್ನ ವಿಭಾಗಕ್ಕೇ ಬಂದರು. ಪ್ರಿನ್ಸಿಪಾಲರು ಸಭೆಯಲ್ಲಿ ನನ್ನನ್ನು ಹೊಗಳಿದರು. ಪಕ್ಕದಲ್ಲಿ ಮೇಷ್ಟ್ರು ಬಿಸ್ಕತ್ತನ್ನು ಬೆಳಕಿಗೆ ಹಿಡಿದು ತಿರುಗಿಸುತ್ತಾ ಕೂತಿದ್ದರು, ತಿನ್ನಲಿಲ್ಲ. ಸೌಮ್ಯ ಬರಲಿಲ್ಲ.

ಅವಳನ್ನು ಕರೆಯಲು ಮತ್ತೆ ಹೋದೆವು. ಅಷ್ಟು ಹೊತ್ತಿಗೆ ಕಲ್ಲಿಗೆ ಹುಣಸೆಮರದ ಕೆಳಗೆ ಶೀಟಿನ ಗುಡಿಯಾಗಿತ್ತು, ವಿಭೂತಪ್ಪ ಎಂದು ಹೆಸರೂ ಆಗಿತ್ತು. ಜನ ಸಾಲಾಗಿ ನಿಂತಿದ್ದರು. ಗುರುಮಲ್ಲಪ್ಪ ಓಡಿಬಂದು ಮೇಷ್ಟ್ರಿಗೆ ಶಾಲು ಹೊದಿಸಿ, ಹಾರ ಹಾಕಿ, "ಸಾಮೀನ ತಂದ್ಕೊಟ್ಟೋರು ಇವ್ರೇ" ಎಂದು ಎಲ್ಲರಿಗೂ ತೋರಿಸಿದರು. ಮೇಷ್ಟ್ರು ಶಾಲಿನೊಳಗಿಂದ ಕೇಳಿದ್ದು ಒಂದೇ ಮಾತು: "ಮಗು ಯಾವಾಗ ಬತ್ತಾಳೆ?"

"ಎಲ್ ಕಳುಸೋದು ಸಾ? ನಾವ್ಯಾರು ಮಾಡುದ್ರೂ ಸಾಮಿ ವಿಭೂತಿ ತಕ್ಕಳಾಕಿಲ್ಲ. ಅವ್ಳು ಕೈ ಇಟ್ರೇ ಆಗೋದು. ಅವ್ಳಿಗೆ ಒಲಿದದೆ."

ಗುಡಿಯೊಳಗೆ ಹುಡುಗಿ ಕಲ್ಲಿಗೆ ಬಿಸಿನೀರಿನ ಅಭಿಷೇಕ ಮಾಡಿ, ರೇಷ್ಮೆ ಚೂರಿನಿಂದ ಒಂದು ಹನಿಯೂ ಉಳಿಯದಂತೆ ಒರೆಸಿ, ಕೂಡಲೇ ತಟ್ಟೆ ಹಿಡಿಯುತ್ತಿದ್ದಳು. ಉಳಿದವರು ಒದ್ದೆ ಕಲ್ಲಿಗೇ ಹಿಡಿಯುತ್ತಿದ್ದರು. ತೇವವಿದ್ದರೆ ವಿದ್ಯುತ್ತು ಸೋರಿಹೋಗುತ್ತದೆ. ಯಾರೂ ಹೇಳಿಕೊಡದೆ ಅವಳು ಅದನ್ನು ಕಂಡುಕೊಂಡಿದ್ದಳು. ಕಂಡುಕೊಂಡದ್ದೇ ತಪ್ಪಾಯಿತು. ದೂರದಿಂದ ಮೇಷ್ಟ್ರು ಅದನ್ನು ನೋಡುತ್ತಾ ನಿಂತರು. "ಎಷ್ಟು ಚೆನ್ನಾಗ್ ಮಾಡ್ತಾಳೆ ನೋಡಯ್ಯ" ಅಂದರು. ಶಾಲು ತೆಗೆದು ಮಡಚಿಕೊಂಡು, ಅವಳ ಹತ್ತಿರಕ್ಕೂ ಹೋಗದೆ ಬಸ್‌ಸ್ಟಾಪಿಗೆ ನಡೆದರು. ಮಾರನೆಯ ಬೆಳಿಗ್ಗೆ ಬೋಳು ಹಣೆಯಲ್ಲಿ ಕಾಲೇಜಿಗೆ ಬಂದರು.

ವಿಭಾಗ ಮುಚ್ಚಿತು. ಅವರಿಗೆ ಎಲ್ಲ ತರಗತಿಗೂ ಪರಿಸರದ ಪಾಠ ಕೊಟ್ಟರು. ಬೀರು ಮೆಟ್ಟಿಲ ಕೆಳಗೆ ಹೋಯಿತು, ಒಳಗಿನ ಕರೀ ಟೂರ್ಮಲಿನ್‌ಗಳು ಗಾಳಿಗೆ ಬಾಗಿಲು ಬಡಿಯದಂತೆ ತಡೆಯುವ ಕೆಲಸಕ್ಕೆ ಹಂಚಿಹೋದವು. ಅದರಲ್ಲೊಂದನ್ನು ಪ್ರಿನ್ಸಿಪಾಲರು ದೃಷ್ಟಿಗೆಂದು ಕೆಂಪು ದಾರದಲ್ಲಿ ತಮ್ಮ ಕೋಣೆಯ ಬಾಗಿಲಿಗೆ ಕಟ್ಟಿಸಿದರು. ಮೇಷ್ಟ್ರು ಅದರ ಕೆಳಗೆ ತಲೆ ಬಗ್ಗಿಸಿ ಓಡಾಡಿದರು, ಒಂದು ತಮಾಷೆಯನ್ನೂ ಮಾಡದೆ. ಬೈಯುವುದನ್ನು ನಿಲ್ಲಿಸಿದ ಮೇಲೆ ಅವರಲ್ಲಿ ಬಹಳ ಉಳಿದಿರಲಿಲ್ಲ. ಬೀಳ್ಕೊಡುಗೆಯ ದಿನ ಪ್ರಿನ್ಸಿಪಾಲರು ಅವರನ್ನು ಮೃದು ಸ್ವಭಾವದವರು ಎಂದು ಭಾಷಣ ಮಾಡಿದರು.

ಹೊನ್ನೂರಿನಲ್ಲಿ ತಿಥಿಯ ಊಟ ಮುಗಿದ ಮೇಲೆ ಅವರ ಹೆಂಡತಿ ನನ್ನನ್ನು ಪಕ್ಕಕ್ಕೆ ಕರೆದರು. "ಮೇಷ್ಟ್ರೇ, ಆ ಕಾಡಂಚಿನ್ ಊರಲ್ಲಿ ಒಂದು ಎಣ್ ಮಗ ಅದಂತಲ್ಲ. ಕೊನೇಗಂಟ ಅದ್ರದ್ದೇ ಮಾತು. ಒಂದ್ ಮಾತು ತಿಳಿಸ್ಬುಡಿ." ಇಲ್ಲ ಅನ್ನುವುದಕ್ಕೆ ಬೇಕಾದ ಧೈರ್ಯ ನನಗೆಂದೂ ಇದ್ದದ್ದಿಲ್ಲ. ಹೋದೆ.

ಗುಡಿಗೆ ಈಗ ಗ್ರಾನೈಟು ನೆಲ, ಸ್ಟೀಲಿನ ಕಟಕಟೆ. ಮೋಡ ಮುಸುಕಿ ಗಾಳಿಯಲ್ಲಿ ತೇವ ಇದ್ದ ದಿನ ಸಾಮಿ ಮೌನವಾಗಿರುತ್ತದೆ, ಅಂಥ ದಿನ ದರ್ಶನ ಇಲ್ಲ ಎಂದು ಬೋರ್ಡು. ಅದನ್ನು ಬರೆಸಿದವಳು ಯಾರೆಂದು ಕೇಳಬೇಕಾಗಿರಲಿಲ್ಲ. ನಾನು ಹೋದಾಗ ಬಿಸಿಲು ಸುಡುತ್ತಿತ್ತು. ಸೌಮ್ಯ ನನ್ನನ್ನು ಗುರುತು ಹಿಡಿದು, ಕಟಕಟೆಯ ಒಳಗೇ ಕರೆದಳು.

"ಮೇಷ್ಟ್ರು ಬರ್ನಿಲ್ವಾ ಸಾ?"

ನಾನು ಬಾಯಿ ತೆಗೆಯುವ ಮೊದಲೇ ಅವಳು ಮೂಲೆಯಿಂದ ಒಂದು ಬೆಂಕಿಪೊಟ್ಟಣ ತೆಗೆದಳು. ಒಳಗೆ ಒಂದೆಳೆ ರೇಷ್ಮೆ ದಾರ. ಸೀರೆಯ ಸೆರಗಿಗೆ ಅದನ್ನು ಎರಡು ಸಲ ಉಜ್ಜಿ, ದನಿ ತಗ್ಗಿಸಿ ಹೇಳಿದಳು: "ಸಾ, ಅವತ್ತು ಕೇಳಿದ್ನಲ್ಲ, ತಣ್ಣಗಾಗುವಾಗ ಏನಾಯ್ತದೆ ಅಂತ. ನಾನೇ ನೋಡ್ದೆ. ಬಿಸಿ ಏರೋವಾಗ ಈ ದಾರಾನ ನೆತ್ತಿ ಹತ್ರ ಇಡುದ್ರೆ ಎಳ್ಕತದೆ. ತಣ್ಣಗಾಗೋವಾಗ ಅದೇ ನೆತ್ತಿ ಅದೇ ದಾರಾನ ಆಚೆಗೆ ತಳ್ತದೆ. ತಿರುಗಾಮುರುಗಾ ಆಯ್ತದೆ. ಆದ್ರೆ ಯಾಕೆ ಅಂತ ಗೊತ್ತಾಗ್ನಿಲ್ಲ. ಮೇಷ್ಟ್ರನ್ನ ಕೇಳಿ ಬಂದು ಯೋಳ್ತೀರಾ? ಅಪ್ಪಂಗೆ ಗೊತ್ತಾಗೋದ್ ಬ್ಯಾಡ."

ಅವರು ನನ್ನ ಮೇಜಿನ ಇನ್ನರ್ಧದಲ್ಲಿ ಕೂತು ಇದನ್ನು ಹೇಳಿದ್ದರು. ಖಂಡಿತ ಹೇಳಿದ್ದರು. ನನಗೆ ನೆನಪಾಗಿದ್ದು ತೆರಿಗೆಯ ದರ ಮಾತ್ರ.

"ಮೇಷ್ಟ್ರು ತೀರ್ಕೊಂಡ್ರು ಕಣಮ್ಮ" ಅಂದೆ.

ಅವಳು ದಾರವನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು. ಹೊರಗಿನಿಂದ ಗುರುಮಲ್ಲಪ್ಪನ ದನಿ ಬಂತು: "ಕೂಸೇ, ಜನ ನಿಂತವ್ರೆ ಕಣವ್ವ!" ಅವಳು ಬೆಂಕಿಪೊಟ್ಟಣ ಮುಚ್ಚಿಟ್ಟು, ಕಲ್ಲಿಗೆ ಬಿಸಿನೀರು ಹೊಯ್ದಳು. ರೇಷ್ಮೆ ಚೂರಿನಿಂದ ಒರೆಸಿದಳು. ಒರೆಸುತ್ತಾ ಒರೆಸುತ್ತಾ, ಜನಕ್ಕೆ ಬೆನ್ನು ಹಾಕಿ, ಅದನ್ನು ಒಂದು ಕ್ಷಣ ದೀಪಕ್ಕೆ ಅಡ್ಡವಾಗಿ ಹಿಡಿದಳು. ಎಳೇ ಬಾಳೆಲೆಯ ಹಸಿರು. ನನಗೂ ಕಂಡಿತು. ಆಮೇಲೆ ಅದನ್ನು ತಟ್ಟೆಯ ನಡುವೆ ನೆಟ್ಟಗೆ ನಿಲ್ಲಿಸಿದಳು. ಕಪ್ಪಾಯಿತು. ವಿಭೂತಿ ನಡುಗಿ, ಎದ್ದು, ನೆತ್ತಿಗೆ ಹಾರಿತು. ಕಟಕಟೆಯಾಚೆ ಎಲ್ಲರ ಕೈಗಳು ಒಟ್ಟಿಗೆ ಮೇಲೆದ್ದವು.

ಗುರುಮಲ್ಲಪ್ಪ ಒಳಗೆ ಬಂದು, ನಾನು ತಲೆ ಹಿಂದಕ್ಕೆ ತೆಗೆಯುವಷ್ಟರಲ್ಲಿ, ನನ್ನ ಹಣೆಗೆ ಮೂರು ಬೆರಳು ಎಳೆದುಬಿಟ್ಟರು. ಬಸ್ಸಿನಲ್ಲಿ ಕೂತ ಮೇಲೆ ಕರ್ಚೀಫು ಕೈಗೆ ತೆಗೆದುಕೊಂಡೆ. ಒರೆಸಿಕೊಳ್ಳಬೇಕೋ ಬಿಡಬೇಕೋ ಎಂದು ಯೋಚಿಸುತ್ತಾ, ಹನೂರು ದಾಟಿದರೂ ತಿಳಿಯದೆ, ಕೊಳ್ಳೇಗಾಲ ಬಂದು ಎಲ್ಲರೂ ಇಳಿದುಹೋದರೂ, ನಾನು ಅದನ್ನು ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದೆ.